ಅಟ್ಟದಿಂದ ಇಳಿದ ಎಲೆಕ್ಟ್ರಿಕ್ ಗಿಟಾರ್‌ಗೆ ಮತ್ತೆ ದನಿ ಬರಿಸುವುದು ಹೇಗೆ

ಯುಗಾದಿ ಕಳೆದ ಮೇಲೆ ಹಳೇ ದಾವಣಗೆರೆಯ ಯಜಮಾನರೊಬ್ಬರು ಗೋಣಿಚೀಲದಲ್ಲಿ ಸುತ್ತಿದ ಗಿಟಾರ್ ತಂದು ನನ್ನ ಮೇಜಿನ ಮೇಲೆ ಇಟ್ಟರು. ಎಂಬತ್ತರ ದಶಕದಲ್ಲಿ ಗಣಪತಿ ಹಬ್ಬ ಬಂತೆಂದರೆ ಅವರು ಊರೂರು ಸುತ್ತಿ ರಸಮಂಜರಿಯಲ್ಲಿ ನುಡಿಸುತ್ತಿದ್ದವರು. ಆಮೇಲೆ ಕೀಬೋರ್ಡ್ ಬಂತು, ಗಿಟಾರ್ ಅಟ್ಟ ಸೇರಿತು. ಮೇಲೆ ತಗಡಿನ ಮಾಡು. ಎಷ್ಟೋ ಬೇಸಿಗೆ, ಎಷ್ಟೋ ಮಳೆಗಾಲ.

ಚೀಲ ಬಿಚ್ಚಿದೆ. ತಲೆಯ ಭಾಗ ಮುರಿದು ತಂತಿಗಳಲ್ಲೇ ನೇತಾಡುತ್ತಿತ್ತು. ಬಾಡಿಯ ಮೇಲೆ ತಂತಿಗಳು ಕೂರುವ ಲೋಹದ ಬ್ರಿಡ್ಜ್ ತುಕ್ಕು ಹಿಡಿದು ಒಂದೇ ಗಟ್ಟಿಯಾಗಿತ್ತು. ಹಿಂದಿನ ಪ್ಲೇಟಿನ ಮೇಲೆ 'ಮೇಡ್ ಇನ್ ಜಪಾನ್' ಅಂತ ಮಾತ್ರ ಇತ್ತು, ಕಂಪನಿ ಹೆಸರಿಲ್ಲ. ಅರವತ್ತು ಎಪ್ಪತ್ತರ ದಶಕದಲ್ಲಿ ಜಪಾನಿನ ಒಂದೇ ಕಾರ್ಖಾನೆಯ ಗಿಟಾರ್‌ಗಳು ಬೇರೆ ಬೇರೆ ಹೆಸರಲ್ಲಿ ಹೊರದೇಶಗಳಿಗೆ ಹೋಗುತ್ತಿದ್ದವು. ಹಾಗಾಗಿ ಹೆಸರಿಲ್ಲದ್ದೇನೂ ವಿಶೇಷವಲ್ಲ.

"ತಮ್ಮಾ, ಇದು ಮತ್ತೆ ನುಡಿಯುತ್ತೇನಪ್ಪಾ?"

"ಬಿಟ್ಟು ಹೋಗಿ ಯಜಮಾನ್ರೇ. ಬಿಚ್ಚಿ ನೋಡಿ ಹೇಳ್ತೀನಿ."

ಆ ಗಿಟಾರ್ ರಿಪೇರಿ ಮಾಡಿದ ಕ್ರಮವನ್ನೇ ಇಲ್ಲಿ ಬರೆಯುತ್ತಿದ್ದೇನೆ. ಕ್ರಮ ಅನ್ನೋ ಮಾತು ಇಲ್ಲಿ ಬಹಳ ಮುಖ್ಯ. ಮೊದಲು ಮರ, ಆಮೇಲೆ ಫ್ರೆಟ್ (ಬೆರಳೊತ್ತುವ ಕಡೆ ಅಡ್ಡಕ್ಕೆ ಕೂರಿಸಿದ ಲೋಹದ ಪಟ್ಟಿಗಳು), ಆಮೇಲೆ ವೈರು, ಬಣ್ಣ ಕಟ್ಟಕಡೆಗೆ. ಹೆಚ್ಚಿನವರು ಉಲ್ಟಾ ಮಾಡುತ್ತಾರೆ, ಮೊದಲ ದಿನವೇ ಬಣ್ಣ ಉಜ್ಜಲು ಕೂರುತ್ತಾರೆ. ನಾನೂ ಶುರುವಿನಲ್ಲಿ ಒಂದು ಗಿಟಾರ್‌ನ ಮೂಲ ಬಣ್ಣವನ್ನೆಲ್ಲ ಕೆರೆದು ತೆಗೆದಿದ್ದೆ. ನೆಕ್, ಅಂದರೆ ಗಿಟಾರ್‌ನ ಉದ್ದ ಕುತ್ತಿಗೆ, ಸೊಟ್ಟಗಿತ್ತು, ಅದನ್ನು ನೋಡಿರಲೇ ಇಲ್ಲ. ಆ ಬಣ್ಣ ಮತ್ತೆ ಬರುವುದಿಲ್ಲ. ಇವತ್ತಿಗೂ ಬೇಜಾರಿದೆ.

ಮೊದಲ ದಿನ ಕೈ ಹಚ್ಚಬೇಡಿ

ಮೊದಲು ಫೋಟೋ ತೆಗೆಯಿರಿ. ಮುಂದೆ, ಹಿಂದೆ, ಬಿರುಕುಗಳ ಹತ್ತಿರ, ಪ್ರತಿ ವೈರಿನ ಬೆಸುಗೆ. ಸುಮ್ನೆ ಐದಾರು ಅಲ್ಲ, ಐವತ್ತು ಅರವತ್ತು ಇರಲಿ. ತಿಂಗಳು ಕಳೆದ ಮೇಲೆ ಯಾವ ಸ್ಕ್ರೂ ಎಲ್ಲಿಯದು ಅನ್ನೋದನ್ನು ಆ ಫೋಟೋನೇ ಹೇಳಬೇಕು.

ತಂತಿಗಳು ಇನ್ನೂ ಬಿಗಿಯಾಗಿದ್ದರೆ ಕತ್ತರಿಸಬೇಡಿ. ಆರೂ ಬಿರಡೆಗಳನ್ನು ಸ್ವಲ್ಪ ಸ್ವಲ್ಪವೇ ಸಡಿಲಿಸಿ. ಸಾಮಾನ್ಯ 10ರ ಸೆಟ್ (ಅತಿ ತೆಳು ತಂತಿ 0.010 ಇಂಚು) ತಂತಿಯನ್ನು ಪೂರ್ತಿ ಶ್ರುತಿಗೆ ಏರಿಸಿದರೆ ನೆಕ್ ಮೇಲೆ ಬೀಳುವ ಒಟ್ಟು ಎಳೆತ ಸುಮಾರು 45 ಕಿಲೋ. ಹತ್ತಿರ ಹತ್ತಿರ ಒಂದು ಮೂಟೆ ಅಕ್ಕಿಯ ತೂಕ. ಬಿರುಕು ಬಿಟ್ಟ ಮರದಿಂದ ಆ ಭಾರವನ್ನು ಒಮ್ಮೆಲೇ ತೆಗೆದರೆ ಬಿರುಕು ಇನ್ನಷ್ಟು ಓಡಬಹುದು.

ಆಮೇಲೆ ಹುಳು ಇದೆಯಾ ನೋಡಿ. ಬೆರಳ ಗೆಣ್ಣಿನಿಂದ ಬಾಡಿಯನ್ನೆಲ್ಲ ತಟ್ಟುತ್ತಾ ಹೋಗಿ. ಟೊಳ್ಳು ಸದ್ದು ಬಂದ ಕಡೆ ಗೆದ್ದಲು ಒಳಗೆ ತಿಂದಿರಬಹುದು. ಗುಂಡುಸೂಜಿಯಷ್ಟು ತೂತು, ಅದರ ಕೆಳಗೆ ಹಿಟ್ಟಿನಂಥ ಪುಡಿ ಕಂಡರೆ ಕುಟ್ಟೆ ಹುಳು. ಅಂಥ ಗಿಟಾರನ್ನು ಬೇರೆ ವಾದ್ಯಗಳ ಹತ್ತಿರ ಇಡಲೇಬೇಡಿ. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಮರದ ಹುಳುವಿನ ಔಷಧಿಯನ್ನು ಸಿರಿಂಜ್‌ನಲ್ಲಿ ತೂತುಗಳಿಗೆ ಬಿಟ್ಟು, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಎರಡು ವಾರ ಕಾಯಿರಿ. ಪುಡಿ ಮತ್ತೆ ಬೀಳದಿದ್ದರೆ ಮಾತ್ರ ಮುಂದಿನ ಕೆಲಸ.

ತುಕ್ಕು ಹಿಡಿದ ಸ್ಕ್ರೂ

ಅರ್ಧ ಗಿಟಾರ್‌ಗಳು ಹಾಳಾಗುವುದು ಇಲ್ಲೇ. ತಿರುಗದ ಸ್ಕ್ರೂವನ್ನು ಜೋರು ಮಾಡಿ ತಿರುಗಿಸಿದರೆ ತಲೆ ಸವೆಯುತ್ತದೆ, ಇಲ್ಲವೇ ಮುರಿದು ಅರ್ಧ ಮರದಲ್ಲೇ ಉಳಿಯುತ್ತದೆ. ಅದರ ಬದಲು ಕಾದ ಸೋಲ್ಡರಿಂಗ್ ಐರನ್ನಿನ ತುದಿಯನ್ನು ಸ್ಕ್ರೂ ತಲೆಯ ಮೇಲೆ ಒಂದು ನಿಮಿಷ ಇಡಿ. ಕಬ್ಬಿಣ ಬಿಸಿಗೆ ಹಿಗ್ಗಿ, ತಣ್ಣಗಾಗುವಾಗ ಕುಗ್ಗುತ್ತದೆ, ತುಕ್ಕಿನ ಹಿಡಿತ ಬಿಡುತ್ತದೆ. ಪೂರ್ತಿ ತಣಿದ ಮೇಲೆ ಸ್ಕ್ರೂಡ್ರೈವರ್ ಹಾಕಿ, ಮೊದಲು ಬಿಗಿ ಮಾಡುವ ಕಡೆಗೆ ಒಂದು ಚೂರು, ಆಮೇಲೆ ಬಿಚ್ಚುವ ಕಡೆಗೆ.

ಜಪಾನಿನ ಗಿಟಾರ್ ಆದರೆ ಇನ್ನೊಂದು ವಿಷಯ. ಅದರ ಸ್ಕ್ರೂ ತಲೆ ನಮ್ಮ ಸ್ಟಾರ್ ಸ್ಕ್ರೂವಿನಂತೆಯೇ ಕಾಣುತ್ತದೆ, ಆದರೆ ಅಳತೆ ಜಪಾನಿನದೇ ಬೇರೆ. ಸಾಮಾನ್ಯ ಸ್ಟಾರ್ ಡ್ರೈವರ್ ಅದರಲ್ಲಿ ಪೂರ್ತಿ ಕೂರದೆ ಮೇಲಕ್ಕೆ ಜಾರಿ ಸ್ಕ್ರೂ ತಲೆಯ ಗೀರನ್ನು ತಿಂದುಹಾಕುತ್ತದೆ. ಜೆಐಎಸ್ (ಜಪಾನಿ ಅಳತೆಯ) ಡ್ರೈವರ್ ಅಂತ ಕೇಳಿ ತರಿಸಿ. ಹಳೇ ಜಪಾನಿ ಬೈಕ್ ರಿಪೇರಿ ಮಾಡುವ ಮೆಕ್ಯಾನಿಕ್ ಹತ್ತಿರವೂ ಇರಬಹುದು.

ಮರಕ್ಕೆ ತಾಗುವ ಸ್ಕ್ರೂಗಳಿಗೆ ತುಕ್ಕು ಬಿಡಿಸುವ ಎಣ್ಣೆ ಸುರಿಯಬೇಡಿ. ಎಣ್ಣೆ ಕುಡಿದ ಮರಕ್ಕೆ ಅಂಟು ಹಿಡಿಯುವುದಿಲ್ಲ. ಬ್ರಿಡ್ಜ್‌ನಂಥ ಲೋಹದ ಭಾಗ ಹೊರಗೆ ತೆಗೆದ ಮೇಲೆ ಸೀಮೆಎಣ್ಣೆಯಲ್ಲೋ ತುಕ್ಕಿನ ಎಣ್ಣೆಯಲ್ಲೋ ಎರಡು ದಿನ ನೆನೆಸಿ, ಹಳೇ ಹಲ್ಲುಜ್ಜುವ ಬ್ರಷ್‌ನಲ್ಲಿ ಉಜ್ಜಿ. ಬಿಚ್ಚಿದ ಪ್ರತಿ ಭಾಗಕ್ಕೂ ಒಂದೊಂದು ಪೊಟ್ಟಣ, ಪೊಟ್ಟಣದ ಮೇಲೆ ಹೆಸರು.

ಮುರಿದ ತಲೆಯನ್ನು ಕೂಡಿಸುವುದು

ಇಡೀ ಕೆಲಸದಲ್ಲಿ ಇದೇ ಜಾಸ್ತಿ ತಾಳ್ಮೆ ಬೇಡುವ ಭಾಗ. ನೆಕ್ ತಲೆಗೆ ಸೇರುವ ಕಡೆ ಮರ ತೆಳು. ತಲೆ ಹಿಂದಕ್ಕೆ ಬಾಗಿರುವ ಗಿಟಾರ್‌ಗಳಲ್ಲಿ ಮರದ ಎಳೆ ಅಲ್ಲಿ ಅಡ್ಡ ಕತ್ತರಿಸಿಹೋಗಿರುತ್ತದೆ. ಗಿಟಾರ್ ಬೆನ್ನಡಿಯಾಗಿ ಬಿದ್ದರೆ ಮುರಿಯುವುದು ಅಲ್ಲೇ.

ಮುರಿದ ಮುಖಗಳನ್ನು ಚೆನ್ನಾಗಿ ನೋಡಿ. ಮುರಿತ ಉದ್ದಕ್ಕೆ ಓಡಿದ್ದರೆ ನಿಮ್ಮ ಅದೃಷ್ಟ, ಅಂಟು ಹಿಡಿಯಲು ಜಾಸ್ತಿ ಜಾಗ ಸಿಗುತ್ತದೆ. ಹೊಸ ಮುರಿತವಾದರೆ ಎಳೆಗಳು ಒಂದರೊಳಗೊಂದು ಕೂರುತ್ತವೆ, ಅವುಗಳನ್ನು ಉಜ್ಜಲೂಬೇಡಿ, ಕೆರೆಯಲೂಬೇಡಿ. ಹಿಂದೆ ಯಾರಾದರೂ ಅಂಟು ಹಾಕಿದ್ದರೆ ಮಾತ್ರ ಅದನ್ನು ತೆಗೆಯಬೇಕು. ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ನೆನೆಸಿ, ಮೆತ್ತಗಾದಂತೆ ಬ್ರಷ್‌ನಲ್ಲಿ ತೆಗೆಯಿರಿ. ಚರ್ಮದ ಅಂಟು ನೀರಿಗೇ ಕರಗುತ್ತದೆ, ಬಿಳಿ ಅಂಟು ಬಿಸಿಗೆ ಮೆತ್ತಗಾಗುತ್ತದೆ. ಆಮೇಲೆ ಎರಡು ದಿನ ಒಣಗಲು ಬಿಡಿ.

ಯಾವ ಅಂಟು? ಕ್ಷಣದಲ್ಲಿ ಹಿಡಿಯುವ ಸಣ್ಣ ಟ್ಯೂಬಿನ ಅಂಟು ಇಲ್ಲಿ ಬೇಡವೇ ಬೇಡ. ಅದು ಗಾಜಿನಂತೆ ಪೆಡಸು, ಪೆಟ್ಟಿಗೆ ಬಿಡುತ್ತದೆ, ಮುಂದಿನ ರಿಪೇರಿಯನ್ನೂ ಕೆಡಿಸುತ್ತದೆ. ಪೀಠೋಪಕರಣದ ಸಾಮಾನ್ಯ ಬಿಳಿ ಅಂಟು ಮೇಜು ಕುರ್ಚಿಗೆ ಸರಿ. ಆದರೆ ಹಗಲು ರಾತ್ರಿ ಎಳೆತದಲ್ಲಿರುವ ನೆಕ್‌ಗೆ, ಅದೂ ನಮ್ಮ ಏಪ್ರಿಲ್ ಬಿಸಿಲಿನಲ್ಲಿ, ನಿಧಾನಕ್ಕೆ ಜಾರುತ್ತದೆ. ನಾನು ಬಳಸುವುದು ಟೈಟ್‌ಬಾಂಡ್ ಒರಿಜಿನಲ್ ಅನ್ನೋ ಹಳದಿ ಅಂಟು, ಆನ್‌ಲೈನಲ್ಲಿ ತರಿಸುತ್ತೇನೆ. ಒಣಗಿದ ಮೇಲೆ ಗಟ್ಟಿ, ಬೇಕೆಂದರೆ ಬಿಸಿ ಮಾಡಿ ಬಿಡಿಸಲೂಬಹುದು.

ಅಂಟು ಹಚ್ಚುವ ಮೊದಲು ಒಣ ತಾಲೀಮು ಮಾಡಿ. ಕ್ಲಾಂಪು, ಮರದ ಚೂರು, ಮೇಣದ ಕಾಗದ, ಒದ್ದೆ ಬಟ್ಟೆ, ಎಲ್ಲವನ್ನೂ ಇಡಬೇಕಾದ ಜಾಗದಲ್ಲಿ ಇಟ್ಟು ಅಂಟಿಲ್ಲದೆ ಒಮ್ಮೆ ಪೂರ್ತಿ ಬಿಗಿಯಿರಿ. ಯಜಮಾನರ ಗಿಟಾರ್‌ಗೆ ನಾನು ನಾಲ್ಕು ಸಲ ಹೀಗೆ ಮಾಡಿದೆ. ಮೂರನೇ ಸಲ ಬಿಗಿದಾಗ ತಲೆ ಒಂದು ಕೂದಲೆಳೆ ಎಡಕ್ಕೆ ಸರಿದದ್ದು ಬೆರಳಿಗೆ ಗೊತ್ತಾಯಿತು. ಕಣ್ಣಿಗೆ ಕಾಣುತ್ತಿರಲಿಲ್ಲ, ಉಗುರು ಎಳೆದರೆ ಟಕ್ ಅಂತ ಸಿಕ್ಕುತ್ತಿತ್ತು. ಮುರಿತದ ಇಳಿಜಾರಿನ ಮೇಲೆ ಕ್ಲಾಂಪು ಜಾರಿಸುತ್ತಿತ್ತು. ನೆಕ್ಕಿನ ಬೆನ್ನಿನ ಆಕಾರಕ್ಕೆ ಹೊಂದುವಂತೆ ಒಂದು ಮರದ ತುಂಡನ್ನು ಕೊರೆದು, ಒಳಗೆ ಸೈಕಲ್ ಟ್ಯೂಬಿನ ಪಟ್ಟಿ ಅಂಟಿಸಿ ಇಟ್ಟೆ. ಆಮೇಲೆ ಸರಿಯಲಿಲ್ಲ.

ಈಗ ಅಂಟು. ಎರಡೂ ಮುಖಗಳಿಗೆ ತೆಳುವಾಗಿ ಹಚ್ಚಿ, ಬಿರುಕಿನ ತುದಿಯ ಸಂದಿಗೆ ಸಿರಿಂಜ್‌ನಿಂದ ತಳ್ಳಿ. ಬಿಗಿದಾಗ ಸುತ್ತಲೂ ಸಣ್ಣ ಮಣಿಗಳಂತೆ ಅಂಟು ಹೊರಬರಬೇಕು, ಬಂದರೆ ಒಳಗೆಲ್ಲ ತಲುಪಿದೆ ಅಂತ ಅರ್ಥ. ಒದ್ದೆ ಬಟ್ಟೆಯಲ್ಲಿ ಒರೆಸಿ. ಮಿತಿಮೀರಿ ಬಿಗಿದರೆ ಅಂಟೆಲ್ಲ ಹೊರಗೆ ಹೋಗಿ ಒಳಗೆ ಬರಡಾಗುತ್ತದೆ. 24 ಗಂಟೆ ಕ್ಲಾಂಪು, ಆಮೇಲೆ ಒಂದು ವಾರ ತಂತಿಯಿಲ್ಲದೆ ಸುಮ್ಮನೆ ಇರಲಿ.

ಮುರಿತ ಗಿಡ್ಡದಾಗಿದ್ದರೆ ಬರೀ ಅಂಟು ಸಾಲದು. ಅಂಟು ಒಣಗಿದ ಮೇಲೆ ಹಿಂದಿನಿಂದ ಮುರಿತವನ್ನು ದಾಟುವಂತೆ ಉದ್ದಕ್ಕೆ ಎರಡು ಕಾಲುವೆ ಕೊರೆದು, ಗಟ್ಟಿಮರದ ಪಟ್ಟಿ ಕೂರಿಸಬೇಕು. ಪಟ್ಟಿಯ ಎಳೆ ನೆಕ್ಕಿನ ಉದ್ದಕ್ಕೇ ಓಡಬೇಕು. ಉಳಿ ಹಿಡಿದು ಅಭ್ಯಾಸವಿಲ್ಲದಿದ್ದರೆ ಒಳ್ಳೆ ಬಡಗಿಯನ್ನು ಜೊತೆಗೆ ಕೂರಿಸಿಕೊಳ್ಳಿ. ನಾನು ಹಾಗೇ ಕಲಿತದ್ದು.

ಫಿಂಗರ್‌ಬೋರ್ಡ್‌ನಲ್ಲಿ, ಅಂದರೆ ನೆಕ್ ಮೇಲೆ ಬೆರಳೊತ್ತುವ ಮರದ ಪಟ್ಟಿಯಲ್ಲಿ, ಚೂರು ಕಿತ್ತುಹೋಗಿದ್ದರೆ ಹಳೇ ಬೀಟೆ ಪೀಠೋಪಕರಣದ ಚೂರು ಹುಡುಕಿ. ಪ್ರಪಂಚದ ಎಷ್ಟೋ ಹೆಸರುವಾಸಿ ಗಿಟಾರ್‌ಗಳ ಫಿಂಗರ್‌ಬೋರ್ಡ್ ನಮ್ಮ ಪಶ್ಚಿಮಘಟ್ಟದಲ್ಲಿ ಬೆಳೆಯುವ ಇದೇ ಬೀಟೆಯದು. ಮುರಿದ ಕುರ್ಚಿಯ ಕಾಲೂ ಇದಕ್ಕೆ ಆಗುತ್ತದೆ.

ನೆಕ್ ನೇರ ಮಾಡುವುದು

ಹೆಚ್ಚಿನ ನೆಕ್‌ಗಳ ಒಳಗೆ ಟ್ರಸ್ ರಾಡ್ ಅನ್ನೋ ಉಕ್ಕಿನ ಸರಳು ಇರುತ್ತದೆ, ತಂತಿಯ ಎಳೆತಕ್ಕೆ ಎದುರು ಎಳೆಯಲು. ತಂತಿ ಹಾಕಿ ಶ್ರುತಿ ಮಾಡಿದ ಮೇಲೆ, ದಪ್ಪ ತಂತಿಯನ್ನು ಮೊದಲ ಫ್ರೆಟ್‌ನಲ್ಲೂ ಕೊನೇ ಫ್ರೆಟ್‌ನಲ್ಲೂ ಒಟ್ಟಿಗೆ ಒತ್ತಿ. ಏಳನೇ ಫ್ರೆಟ್ ಹತ್ತಿರ ತಂತಿಗೂ ಫ್ರೆಟ್‌ಗೂ ನಡುವೆ 0.2ರಿಂದ 0.3 ಮಿ.ಮೀ. ಸಂದು ಬೇಕು. ಬೈಕ್ ಮೆಕ್ಯಾನಿಕ್‌ಗಳ ಫೀಲರ್ ಗೇಜ್ (ಸಂದು ಅಳೆಯುವ ತೆಳು ಉಕ್ಕಿನ ಪಟ್ಟಿಗಳು) ಸಾಕು. ಸಂದು ಜಾಸ್ತಿ ಇದ್ದರೆ ಸರಳನ್ನು ಬಿಗಿ ಮಾಡಿ, ಕಮ್ಮಿ ಇದ್ದರೆ ಸಡಿಲ ಮಾಡಿ. ಒಂದು ಸಲಕ್ಕೆ ಕಾಲು ಸುತ್ತು ಮಾತ್ರ, ಒಂದು ರಾತ್ರಿ ಬಿಟ್ಟು ಮತ್ತೆ ಅಳೆಯಿರಿ. ಹಳೇ ಸರಳನ್ನು ಬಿಗಿಯುವ ಮೊದಲು ಒಮ್ಮೆ ಸಡಿಲಿಸಿ ನೋಡಿ. ಜೋರು ಮಾಡಿ ಅದು ತುಂಡಾದರೆ ಫಿಂಗರ್‌ಬೋರ್ಡ್ ಕಿತ್ತೇ ಸರಿಪಡಿಸಬೇಕು.

ಅರವತ್ತರ ದಶಕದ ಕೆಲವು ಅಗ್ಗದ ಗಿಟಾರ್‌ಗಳಲ್ಲಿ ತಿರುಗಿಸುವ ಸರಳೇ ಇಲ್ಲ. ಅಂಥವಕ್ಕೆ ತೆಳು ತಂತಿ, 9ರ ಸೆಟ್, ಹಾಕುವುದೇ ದೊಡ್ಡ ಔಷಧಿ.

ಫ್ರೆಟ್‌ಗಳು

ದಾವಣಗೆರೆಯ ಒಣ ಬೇಸಿಗೆಯಲ್ಲಿ ಫಿಂಗರ್‌ಬೋರ್ಡ್ ಮರ ಕುಗ್ಗುತ್ತದೆ, ಲೋಹ ಕುಗ್ಗುವುದಿಲ್ಲ. ಹಾಗಾಗಿ ಫ್ರೆಟ್ ತುದಿಗಳು ಬದಿಯಲ್ಲಿ ಮುಳ್ಳಿನಂತೆ ಹೊರಬರುತ್ತವೆ. ಕೈ ಉದ್ದಕ್ಕೂ ಸವರಿದರೆ ಚುಚ್ಚುತ್ತದೆ. ಸಣ್ಣ ಅರದಿಂದ ಅವನ್ನು ಸಮ ಮಾಡಿ, ಆದರೆ ಬೇಸಿಗೆಯಲ್ಲೇ ಮಾಡಿ. ಮಳೆಗಾಲದಲ್ಲಿ ಮಾಡಿದರೆ ಮುಂದಿನ ಮಾರ್ಚ್‌ಗೆ ಮತ್ತೆ ಮುಳ್ಳು.

ತಂತಿ ಉಜ್ಜಿ ಫ್ರೆಟ್ ಮೇಲೆ ತಗ್ಗು ಬಿದ್ದಿದ್ದರೆ ಎಲ್ಲ ಫ್ರೆಟ್‌ಗಳನ್ನೂ ಒಂದೇ ಮಟ್ಟಕ್ಕೆ ತರಬೇಕು. ಫಿಂಗರ್‌ಬೋರ್ಡ್ ಮೇಲೆ ಕಾಗದದ ಟೇಪ್ ಅಂಟಿಸಿ, ಫ್ರೆಟ್ ತಲೆಗಳಿಗೆ ಮಾರ್ಕರ್ ಹಚ್ಚಿ. ನೇರವಾದ ಅಲ್ಯೂಮಿನಿಯಂ ಪಟ್ಟಿಗೆ 400 ನಂಬರ್ ಎಮರಿ ಪೇಪರ್ ಅಂಟಿಸಿ ಉದ್ದಕ್ಕೆ ಹಗುರವಾಗಿ ಉಜ್ಜಿ. ಮಾರ್ಕರ್ ಎಲ್ಲ ಕಡೆ ಅಳಿಸಿದ ಕೂಡಲೇ ನಿಲ್ಲಿಸಿ. ಆಮೇಲೆ ಅಂಚು ನಯ ಮಾಡಿದ ತ್ರಿಕೋನ ಅರದಿಂದ ಪ್ರತಿ ಫ್ರೆಟ್‌ನ ತಲೆಯನ್ನು ಮತ್ತೆ ಗುಂಡಗೆ ಮಾಡಿ, 600ರಿಂದ 2000ದವರೆಗೆ ಪೇಪರ್ ಏರಿಸುತ್ತಾ ಹೊಳಪು ಕೊಡಿ. ಕನ್ನಡಿಯ ಹಾಗೆ ಹೊಳೆಯುವುದು ಬರೀ ಚೆಂದಕ್ಕಲ್ಲ, ತಂತಿ ಬಗ್ಗಿಸಿ ಎಳೆಯುವಾಗ ಕರಕರ ಅನ್ನಬಾರದು.

ಉಳಿದ ಎತ್ತರ ಅರ್ಧ ಮಿ.ಮೀ.ಗಿಂತ ಕಮ್ಮಿ ಆದರೆ ಹೊಸ ಫ್ರೆಟ್ ಬೇಕು. ಹಳೆಯದನ್ನು ಕೀಳುವ ಮೊದಲು ಸೋಲ್ಡರಿಂಗ್ ಐರನ್‌ನಿಂದ ಬಿಸಿ ಮಾಡಿ, ಇಲ್ಲದಿದ್ದರೆ ಮರದ ಸಿಪ್ಪೆಯೂ ಜೊತೆಗೇ ಬರುತ್ತದೆ.

ಪಿಕಪ್ ಮತ್ತು ವೈರು

ನನಗೆ ತುಂಬಾ ಇಷ್ಟದ ಭಾಗ ಇದು. ಪಿಕಪ್ ಅಂದರೆ ಅಯಸ್ಕಾಂತದ ಸುತ್ತ ಸಾವಿರಾರು ಸುತ್ತು ತಾಮ್ರದ ತಂತಿ, ಅಷ್ಟೇ. ಉಕ್ಕಿನ ತಂತಿ ಮೇಲೆ ಕಂಪಿಸಿದರೆ ಸುರುಳಿಯಲ್ಲಿ ಸಣ್ಣ ವಿದ್ಯುತ್ ಹುಟ್ಟುತ್ತದೆ. ಜಾರ್ಜ್ ಬೋಶಾಂಪ್ 1931ರಲ್ಲಿ ಇದೇ ತತ್ವದ ಮೇಲೆ ಮಾಡಿದ 'ಫ್ರೈಯಿಂಗ್ ಪ್ಯಾನ್' ಗಿಟಾರ್ ಮುಂದಿನ ವರ್ಷ ಮಾರುಕಟ್ಟೆಗೆ ಬಂತು. ಆಮೇಲಿಂದ ತತ್ವ ಬದಲಾಗಿಯೇ ಇಲ್ಲ.

ಮಲ್ಟಿಮೀಟರ್ ಹಿಡಿದು ಪಿಕಪ್‌ನ ಎರಡು ತುದಿ ಅಳೆಯಿರಿ. ಒಂದೇ ಸುರುಳಿಯ ಪಿಕಪ್ ಸಾಮಾನ್ಯವಾಗಿ 5ರಿಂದ 7 ಕಿಲೋ ಓಮ್ ತೋರಿಸುತ್ತದೆ, ಎರಡು ಸುರುಳಿಯ ಹಂಬಕರ್ 7ರಿಂದ 9. ಏನೂ ತೋರಿಸದಿದ್ದರೆ ಒಳಗೆ ಎಲ್ಲೋ ತುಂಡಾಗಿದೆ.

ಯಜಮಾನರ ಗಿಟಾರ್‌ನಲ್ಲಿ ನೆಕ್ ಕಡೆಯ ಪಿಕಪ್ 6.1 ತೋರಿಸಿತು, ಬ್ರಿಡ್ಜ್ ಕಡೆಯದು ಸತ್ತಿತ್ತು. ಕೂಡಲೇ ಹೊಸದು ಕೊಳ್ಳಬೇಡಿ. ಸುರುಳಿಯ ತಂತಿ ಹೊರಗಿನ ದಪ್ಪ ವೈರಿಗೆ ಸೇರುವ ಬೆಸುಗೆಯ ಬಳಿಯೇ ಬಹಳ ಸಲ ತುಂಡಾಗಿರುತ್ತದೆ, ಬೆವರು, ತೇವ, ಹಳೇ ಫ್ಲಕ್ಸ್ ಸೇರಿ ಅಲ್ಲಿ ತಾಮ್ರವನ್ನು ತಿಂದಿರುತ್ತವೆ. ಭೂತಕನ್ನಡಿ ಹಿಡಿದು ನೋಡಿದೆ. ಬೆಸುಗೆಯ ಪಕ್ಕ ಸಾಸಿವೆ ಕಾಳಿಗಿಂತ ಚಿಕ್ಕ ಹಸಿರು ಕಲೆ. ಅದರ ಆಚೆ ತಂತಿಯ ತುದಿ ಗಾಳಿಯಲ್ಲಿ ನಿಂತಿತ್ತು. ಆ ತಂತಿ 0.06 ಮಿ.ಮೀ. ದಪ್ಪ, ತಲೆಗೂದಲಿನ ಹಾಗೆ. ಫ್ಯಾನ್ ಆಫ್ ಮಾಡಿ, ಉಸಿರು ಬಿಗಿ ಹಿಡಿದು, ಹೊರಗಿನ ಒಂದೇ ಸುತ್ತು ಬಿಚ್ಚಿದೆ. ತುದಿಯ ವಾರ್ನಿಷನ್ನು 1000 ನಂಬರ್ ಪೇಪರ್ ಚೂರಿನಲ್ಲಿ ಎರಡು ಸಲ ಸವರಿ, ಹೊಸ ಬೆಸುಗೆ ಹಾಕಿದೆ. ಮೀಟರ್ 5.8 ಅಂತು. ಇಷ್ಟಕ್ಕೇ ಒಂದು ಸಂಜೆ ಹಿಡಿಯಿತು, ಆದರೆ ಆ ಗಿಟಾರ್‌ನ ದನಿ ಅದರದ್ದೇ ಉಳಿಯಿತು.

ಒಳಗೇ ತುಂಡಾಗಿದ್ದರೆ ಪೂರ್ತಿ ಮರುಸುತ್ತು. ನಮ್ಮ ಕಡೆ ಪಂಪ್‌ಸೆಟ್ ಮೋಟಾರ್ ವೈಂಡಿಂಗ್ ಅಂಗಡಿಗಳು ಬೀದಿಗೊಂದಿವೆ, ಆದರೆ ಅಲ್ಲಿನ ತಂತಿ ಇದಕ್ಕೆ ತುಂಬಾ ದಪ್ಪ. 42 ಗೇಜ್ (ಅಮೆರಿಕನ್ ಅಳತೆ, ಎಡಬ್ಲ್ಯುಜಿ) ತಂತಿ ತರಿಸಬೇಕು, ಏಳೆಂಟು ಸಾವಿರ ಸುತ್ತು ಬೇಕು. ಕೈ ಮಾತ್ರ ಆ ಅಂಗಡಿಯವರದ್ದೇ ಇರಲಿ, ತಂತಿಯನ್ನು ಹದವಾಗಿ ಎಳೆದು ಹಿಡಿಯುವುದು ಅವರಿಗೆ ಗೊತ್ತು.

ಆಂಪ್ಲಿಫೈಯರ್ ಜೋರು ಮಾಡಿದರೆ ಪಿಕಪ್ ಕಿರುಚುತ್ತದೆಯಾ? ಸುರುಳಿ ಸಡಿಲವಾಗಿದೆ. ಎಂಟು ಪಾಲು ಪ್ಯಾರಫಿನ್ ಮೇಣ, ಎರಡು ಪಾಲು ಜೇನುಮೇಣ ಸೇರಿಸಿ, ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು ಕರಗಿಸಿ. 65 ಡಿಗ್ರಿ ದಾಟಬಾರದು, ದಾಟಿದರೆ ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ. ಪಿಕಪ್ ಮುಳುಗಿಸಿ, ಗುಳ್ಳೆ ಬರುವುದು ನಿಂತ ಮೇಲೆ ತೆಗೆಯಿರಿ. ಮೇಣವನ್ನು ನೇರ ಒಲೆಯ ಮೇಲೆ ಇಡಲೇಬೇಡಿ, ಹೊತ್ತಿಕೊಳ್ಳುತ್ತದೆ.

ವಾಲ್ಯೂಮ್ ತಿರುಗಿಸಿದರೆ ಬರಬರ ಅಂದರೆ ಕಾಂಟ್ಯಾಕ್ಟ್ ಕ್ಲೀನರ್ ಬಿಟ್ಟು ಇಪ್ಪತ್ತು ಸಲ ತಿರುಗಿಸಿ, ಬಹಳ ಸಲ ಅಷ್ಟೇ ಸಾಕು. ಬದಲಿಸಲೇಬೇಕಾದರೆ ಒಂದೇ ಸುರುಳಿಯ ಪಿಕಪ್‌ಗೆ 250 ಕಿಲೋ ಓಮ್, ಹಂಬಕರ್‌ಗೆ 500. ಹಳೇ ಗಿಟಾರ್‌ನಲ್ಲಿ ಬೇರೆ ಅಳತೆ ಇದ್ದರೆ ಅದನ್ನೇ ಹಾಕಿ.

ಇನ್ನು ಪ್ರಾಣದ ವಿಷಯ. ಬ್ರಿಡ್ಜ್‌ಗೆ ಹೋಗುವ ಒಂದು ವೈರು ತಂತಿಗಳನ್ನು ಆಂಪ್ಲಿಫೈಯರ್‌ನ ಅರ್ಥಿಂಗ್‌ಗೆ ಸೇರಿಸುತ್ತದೆ. ಆಂಪ್ಲಿಫೈಯರ್‌ಗೆ ಎರಡೇ ಪಿನ್ ಇದ್ದು, ಒಳಗೆ ಕರೆಂಟ್ ಸೋರುತ್ತಿದ್ದರೆ, ಅದು ಸೀದಾ ನುಡಿಸುವವರ ಬೆರಳಿಗೆ ಬರುತ್ತದೆ. ಇನ್ನೊಂದು ಕಡೆ ತುಟಿ ಮೈಕ್‌ಗೆ ತಾಗಿದರೆ ಮೈಯೊಳಗೇ ಹರಿಯುತ್ತದೆ. ಮಳೆಯಲ್ಲಿ ನೆನೆದ ಗಣಪತಿ ಪೆಂಡಾಲ್‌ನಲ್ಲಿ ಇದು ಸಣ್ಣ ಮಾತಲ್ಲ. ಮೂರು ಪಿನ್, ಸರಿಯಾದ ಅರ್ಥಿಂಗ್, 30 ಮಿಲಿಆಂಪ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದ ಕೂಡಲೇ ಲೈನ್ ಕಡಿಯುವ ಸ್ವಿಚ್), ಈ ಮೂರೂ ಇಲ್ಲದೆ ನುಡಿಸಬೇಡಿ. ಗಿಟಾರ್ ಜೊತೆ ಹಳೇ ವಾಲ್ವ್ ಆಂಪ್ಲಿಫೈಯರ್ ಸಿಕ್ಕಿದರೆ ಅದನ್ನು ನೀವೇ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಅದರ ಕೆಪಾಸಿಟರ್‌ಗಳಲ್ಲಿ ನೂರಾರು ವೋಲ್ಟ್ ಉಳಿದಿರುತ್ತದೆ.

ಬಣ್ಣ, ಆಮೇಲೆ ಶ್ರುತಿ

ಬಣ್ಣಕ್ಕೆ ಮಾಡಬೇಕಾದದ್ದು ಕಮ್ಮಿ. ಹಿಂಡಿದ ಒದ್ದೆ ಬಟ್ಟೆ, ಹಟಮಾರಿ ಜಿಡ್ಡಿಗೆ ಲೈಟರ್‌ಗೆ ತುಂಬುವ ಪೆಟ್ರೋಲು, ಅಷ್ಟೇ. ಪೆಟ್ರೋಲು ಬಳಸುವಾಗ ಕಿಟಕಿ ತೆಗೆದಿರಲಿ, ಹತ್ತಿರ ಬೆಂಕಿ ಬೇಡ. ಕಿತ್ತುಹೋದ ಕಡೆ ತುಂಬಲೇಬೇಕಾದರೆ ಮೊದಲು ಯಾವ ಬಣ್ಣ ಅಂತ ತಿಳಿಯಿರಿ. ಪಿಕಪ್ ಕೆಳಗಿನ ಮರೆಯ ಜಾಗಕ್ಕೆ ಒಂದು ಹನಿ ಅಸಿಟೋನ್ ಹಚ್ಚಿ. ಅಂಟಂಟಾದರೆ ನೈಟ್ರೋಸೆಲ್ಯುಲೋಸ್ ಲ್ಯಾಕರ್, ಏನೂ ಆಗದಿದ್ದರೆ ಪಾಲಿ (ಪಾಲಿಯುರೆಥೇನ್ ಅಥವಾ ಪಾಲಿಯೆಸ್ಟರ್). ಗೀರು, ಸವೆತ ಇದ್ದರೆ ಇರಲಿ. ಯಜಮಾನರ ಗಿಟಾರ್‌ನಲ್ಲಿ ಅವರ ಮೊಣಕೈ ಕೂರುವ ಕಡೆ ಬಣ್ಣ ಹೋಗಿ ಮರ ಕಾಣುತ್ತದೆ. ಅದನ್ನು ನಾನು ಮುಟ್ಟಲಿಲ್ಲ.

ಹೊಸ ತಂತಿ ಹಾಕಿ, ಮೊದಲ ದಿನ ಎರಡು ಸ್ವರ ಕೆಳಗೇ ಇರಿಸಿ. ಮರುದಿನ ಪೂರ್ತಿ ಏರಿಸಿ. ಹನ್ನೆರಡನೇ ಫ್ರೆಟ್ ಮೇಲೆ ತೆಳು ತಂತಿಯ ಎತ್ತರ 1.6 ಮಿ.ಮೀ., ದಪ್ಪ ತಂತಿಯದು 2 ಮಿ.ಮೀ. ಇರಲಿ. ಆಮೇಲೆ ಅದೇ ಫ್ರೆಟ್‌ನ ನೇರಕ್ಕೆ ತಂತಿಯನ್ನು ಬೆರಳಿಂದ ಸುಮ್ನೆ ಸೋಕಿಸಿ ಬರುವ ಹಾರ್ಮೋನಿಕ್ ಸ್ವರವನ್ನೂ, ಒತ್ತಿ ನುಡಿಸಿದ ಸ್ವರವನ್ನೂ ಟ್ಯೂನರ್‌ನಲ್ಲಿ ಹೋಲಿಸಿ. ಒತ್ತಿದ ಸ್ವರ ಮೇಲಿದ್ದರೆ ಬ್ರಿಡ್ಜ್‌ನಲ್ಲಿ ಆ ತಂತಿ ಕೂರುವ ತುಂಡನ್ನು (ಸ್ಯಾಡಲ್) ಹಿಂದಕ್ಕೆ, ಕೆಳಗಿದ್ದರೆ ಮುಂದಕ್ಕೆ. ಪ್ರತಿ ಸಲ ಮತ್ತೆ ಶ್ರುತಿ ಮಾಡಿ ನೋಡಿ.

ನಾಲ್ಕು ದಿನ ಬಿಟ್ಟು ಮುರಿದ ಜಾಗದ ಮೇಲೆ ಮತ್ತೆ ಉಗುರು ಎಳೆಯಿರಿ. ಎಲ್ಲೂ ಸಿಕ್ಕದಿದ್ದರೆ ಜೋಡಣೆ ನಿಂತಿದೆ.

ಬದಲಿಸಿದ ಹಳೇ ಭಾಗಗಳನ್ನು ಎಸೆಯಬೇಡಿ, ಪೊಟ್ಟಣ ಕಟ್ಟಿ ಮಾಲೀಕರಿಗೇ ಕೊಡಿ. ಏನೇನು ಮಾಡಿದಿರಿ, ಯಾವ ಅಂಟು, ಯಾವ ತಾರೀಕು ಅಂತ ಚೀಟಿ ಬರೆದು ಹಿಂದಿನ ಮುಚ್ಚಳದ ಒಳಗೆ ಇಡಿ. ಮುಂದೆ ಬಿಚ್ಚುವವರಿಗೆ ಬೇಕಾಗುತ್ತದೆ. ಯಜಮಾನರ ಪೊಟ್ಟಣದಲ್ಲಿ ಮುರಿದ ಒಂದು ಬಿರಡೆ ಗುಂಡಿ, ಸವೆದ ಐದು ಸ್ಕ್ರೂ, ಆರು ತುಕ್ಕು ತಂತಿ ಇದ್ದವು. ತಂತಿಗಳನ್ನು ಎಸೆಯೋಣವಾ ಅಂತ ಕೇಳಿದೆ. "ಬ್ಯಾಡ ತಮ್ಮಾ, ಕೊನೇ ಪ್ರೋಗ್ರಾಂನಲ್ಲಿ ನುಡಿಸಿದ ತಂತಿ ಅವು" ಅಂದು ಜೇಬಿಗೆ ಹಾಕಿಕೊಂಡರು.